ಜಾತಿ ನಾಯಿಯ ಉಸಿರು

ನಮ್ಮ ಕಡೆ ನಾಯಿಗಳಲ್ಲಿ ಎರಡೇ ಬಗೆ. ಒಂದು ಜಾತಿ ನಾಯಿ, ಇನ್ನೊಂದು ಕಂತ್ರಿ ನಾಯಿ. ಜಾತಿ ನಾಯಿ ಅಂದರೆ ದುಡ್ಡು ಕೊಟ್ಟು ತಂದದ್ದು, ಕೊರಳಿಗೆ ಪಟ್ಟಿ ಇರುವುದು, ಹೆಸರಿರುವುದು. ಕಂತ್ರಿ ನಾಯಿ ಅಂದರೆ ಕೇರಿಯಲ್ಲಿ ಹುಟ್ಟಿ ಕೇರಿಯಲ್ಲೇ ಸಾಯುವುದು. ಈ 'ಕಂತ್ರಿ' ಎಂಬುದನ್ನು ಚಿಕ್ಕಂದಿನಿಂದ ಬೈಗುಳ ಅಂತಲೇ ಕೇಳಿದವನು ನಾನು. ಶಾಲೆಯಲ್ಲಿ ಮೇಷ್ಟರೊಬ್ಬರು ನಮ್ಮ ಕೇರಿಯ ಹುಡುಗರನ್ನು ಕರೆಯುತ್ತಿದ್ದದ್ದೂ ಅದೇ ಮಾತಿನಿಂದ. (ಈ ಪತ್ರಿಕೆ ಓದುವ ಮೇಷ್ಟರುಗಳು ಬೇಸರ ಮಾಡಿಕೊಳ್ಳಬಾರದು, ಎಲ್ಲರೂ ಅಂಥವರಲ್ಲ.) ಕಾಲೇಜಿಗೆ ಬಂದ ಮೇಲೆ ಗೊತ್ತಾಯಿತು, ಅದು ಇಂಗ್ಲಿಷಿನ 'ಕಂಟ್ರಿ' ಅಂತ. ಕಂಟ್ರಿ ಅಂದರೆ ನಾಡು. ಸಾಹೇಬರು ತಮ್ಮ ನಾಯಿಯಿಂದ ನಮ್ಮ ನಾಯಿಯನ್ನು ಬೇರೆ ಮಾಡಲು ಆಡಿದ ಮಾತು ನಮ್ಮ ಬಾಯಲ್ಲಿ ಬೈಗುಳವಾಯಿತು. ನಾಡಿನದು ಅಂದರೆ ಹೀನ, ಜಾತಿಯದು ಅಂದರೆ ಶ್ರೇಷ್ಠ. ಇಷ್ಟು ವರ್ಷ ಇದನ್ನು ಆಡುತ್ತಾ ಬಂದಿದ್ದೇವೆ, ಒಬ್ಬರಿಗೂ ಇದು ಚುಚ್ಚಿದ ಹಾಗೆ ಕಾಣೆ.

ನಾನು ಬಿ.ಎ. ಓದುವಾಗ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಭಾನುವಾರ ನಮ್ಮ ಚಿಕ್ಕಮ್ಮ ಕೆಲಸ ಮಾಡುವ ಮನೆಗೆ ಹೋಗುತ್ತಿದ್ದೆ. ಹಿಂದಿನ ಬಾಗಿಲ ಹತ್ತಿರ ಕೂತರೆ ಉಳಿದ ತಿಂಡಿ ಏನಾದರೂ ಕೊಡುತ್ತಿದ್ದಳು. ಆ ಮನೆಯಲ್ಲೊಂದು ಹೆಣ್ಣು ಬುಲ್‌ಡಾಗ್ ಇತ್ತು. ಅಗಲ ತಲೆ, ಮೂಗು ಎಂಬುದು ಇಲ್ಲವೇ ಇಲ್ಲ ಅನ್ನುವಷ್ಟು ಒಳಗೆ, ಮುಖದ ತುಂಬಾ ಮಡಿಕೆ. ಚಿಕ್ಕಮ್ಮ ಅದನ್ನು ದುಂಡಿ ಅಂತ ಕರೆಯುತ್ತಿದ್ದಳು. ಅದಕ್ಕೆ ಒಂದು ಕೋಣೆ, ಕೋಣೆಗೆ ಏಸಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಅರ್ಧ ಗಂಟೆಯಲ್ಲಿ ನಾಯಿ ನಾಲಿಗೆ ನೀಲಿ ಮಾಡಿಕೊಂಡು ನೆಲಕ್ಕೆ ಬಿತ್ತು. ಮನೆಯವರು ಊರಲ್ಲಿರಲಿಲ್ಲ. ಚಿಕ್ಕಮ್ಮ ಗೋಣಿಚೀಲ ಒದ್ದೆ ಮಾಡಿ ಹೊದಿಸಿದಳು, ಬೀಸಣಿಗೆ ಬೀಸಿದಳು. ನನಗೆ ಸಿಟ್ಟು. ನಮ್ಮ ಮನೆಯಲ್ಲಿ ಫ್ಯಾನು ಇಲ್ಲ, ಇದಕ್ಕೆ ಏಸಿ. ಸಾಯಲಿ ಬಿಡು ಅಂದೆ. ಅವಳು ತಲೆ ಎತ್ತದೆ ಅಂದಳು:

"ಸುಮ್ಕಿರೋ. ಅದ್ರ ಉಸಿರು ಕೇಳಿಸ್ಕೋ. ನಿಮ್ ಚಿಕ್ಕಪ್ಪನೂ ಕೊನೆಗೆ ಹಿಂಗೇ ಎಳೀತಿದ್ದ."

ಚಿಕ್ಕಪ್ಪ ಕಲ್ಲು ಕ್ರಷರಿನಲ್ಲಿ ಹನ್ನೊಂದು ವರ್ಷ ದುಡಿದು ಎದೆ ತುಂಬಾ ದೂಳು ತುಂಬಿಕೊಂಡು ಸತ್ತವನು. ಅವನ ಉಸಿರು ಹಾಗಾದದ್ದಕ್ಕೆ ಕಾರಣ ಇತ್ತು, ಕಾರಣರಾದವರಿದ್ದರು. ಹಾಗಾದರೆ ಈ ನಾಯಿಯ ಉಸಿರು ಹೀಗಾದದ್ದು ಯಾರಿಂದ? ಅವತ್ತಿನಿಂದ ಲೈಬ್ರರಿಯಲ್ಲಿ ಕೂತಾಗಲೆಲ್ಲ ಇದನ್ನು ಹುಡುಕುತ್ತಾ ಬಂದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಶುರುವಾಗುವುದು ಇಂಗ್ಲೆಂಡಿನ ಪೇಟೆ ಬೀದಿಗಳಲ್ಲಿ. ನೂರಾರು ವರ್ಷ ಅಲ್ಲಿ ಹೋರಿ ಕಚ್ಚಿಸುವ ಆಟ ನಡೆಯುತ್ತಿತ್ತು. ಹೋರಿಯನ್ನು ಹಗ್ಗದಿಂದ ಗೂಟಕ್ಕೆ ಕಟ್ಟುವುದು, ನಾಯಿ ಬಿಡುವುದು, ನಾಯಿ ಹೋರಿಯ ಮೂತಿ ಹಿಡಿಯಬೇಕು. ಹಿಡಿದರೆ ಬಿಡಬಾರದು. ಹೋರಿ ಕೊಂಬಿನಲ್ಲಿ ಎತ್ತಿ ಎಸೆಯುತ್ತಿತ್ತು. ಬಿದ್ದ ನಾಯಿ ಎದ್ದು ಮತ್ತೆ ಹೋಗುತ್ತಿತ್ತು. ಹೀಗೆ ಕಚ್ಚಿಸಿ ಕೊಂದ ಹೋರಿಯ ಮಾಂಸ ಮೆತ್ತಗಾಗುತ್ತದೆ ಎಂಬ ನಂಬಿಕೆಯೂ ಜನರಲ್ಲಿತ್ತು. ಈ ಕೆಲಸದ ನಾಯಿಗೇ ಬುಲ್‌ಡಾಗ್, ಅಂದರೆ ಹೋರಿನಾಯಿ, ಅಂತ ಹೆಸರು ಬಂದದ್ದು. ಹಳೆಯ ಚಿತ್ರಗಳಲ್ಲಿ ಆ ನಾಯಿಯನ್ನು ನೋಡಬೇಕು. ಉದ್ದ ಕಾಲು, ಬಿಗಿಯಾದ ಮೈ, ಮೂತಿ ಗಿಡ್ಡವಾದರೂ ಮೂತಿ ಅಂತ ಒಂದಿದೆ. ದುಂಡಿಯನ್ನು ಅದರ ಪಕ್ಕ ನಿಲ್ಲಿಸಿದರೆ ಒಂದೇ ವಂಶ ಎಂದು ಯಾರೂ ನಂಬಲಾರರು.

ಕ್ರೂರವಾದ ಆಟ, ಅದರಲ್ಲಿ ಎರಡು ಮಾತಿಲ್ಲ. ಅದನ್ನು ನಿಲ್ಲಿಸಿದ ಬಗೆಯನ್ನೂ ನೋಡಬೇಕು. 1800ರಲ್ಲಿ ನಿಷೇಧದ ಮಸೂದೆ ಪಾರ್ಲಿಮೆಂಟಿಗೆ ಬಂದಾಗ ಪಿಟ್ ಸರ್ಕಾರದ ಮಂತ್ರಿ ವಿಲಿಯಂ ವಿಂಡಂ ಅದನ್ನು ವಿರೋಧಿಸಿದ. ಶ್ರೀಮಂತರು ಕುದುರೆ ಹತ್ತಿ ಬೇಟೆಯಾಡುವುದನ್ನು ಮುಟ್ಟದೆ ಬಡವರ ಆಟವನ್ನು ಮಾತ್ರ ಕಿತ್ತುಕೊಳ್ಳುವುದು ಯಾವ ನ್ಯಾಯ ಎಂಬುದು ಅವನ ವಾದ. ಅವನೇನು ಬಡವರ ಬಂಧುವಲ್ಲ, ಹಳೆಯದು ಹಾಗೇ ಇರಲಿ ಎಂಬ ಜಮೀನುದಾರ. ಆದರೂ ಅವನು ಎತ್ತಿದ ಪ್ರಶ್ನೆ ಸುಳ್ಳಾಗಿರಲಿಲ್ಲ. ಮಸೂದೆ ಬಿತ್ತು. ಕೊನೆಗೆ 1835ರ ಪ್ರಾಣಿಹಿಂಸೆ ಕಾಯಿದೆ ಹೋರಿ ಕಚ್ಚಿಸುವುದನ್ನೂ ನಾಯಿ ಕಾದಾಟವನ್ನೂ ನಿಲ್ಲಿಸಿತು. ದೊರೆಗಳ ನರಿಬೇಟೆ? ಇಂಗ್ಲೆಂಡಿನಲ್ಲಿ ಅದಕ್ಕೆ ಕಾನೂನು ಬಂದದ್ದು 2004ರಲ್ಲಿ. ನಡುವೆ ನೂರ ಅರವತ್ತೊಂಬತ್ತು ವರ್ಷ.

ಆಟ ನಿಂತ ಮೇಲೆ ಬುಲ್‌ಡಾಗಿಗೆ ಕೆಲಸ ಹೋಯಿತು. ಕೆಲಸ ಹೋದ ನಾಯಿ ಅಲ್ಲಿಗೇ ಅಳಿಯಬಹುದಿತ್ತು. ಆದರೆ ಅದೇ ಹೊತ್ತಿಗೆ ನಾಯಿಗೆ ಹೊಸದೊಂದು ಕೆಲಸ ಹುಟ್ಟಿತು: ನೋಡಿಸಿಕೊಳ್ಳುವುದು.

1859ರ ಜೂನಿನಲ್ಲಿ ನ್ಯೂಕ್ಯಾಸಲ್ ಪಟ್ಟಣದಲ್ಲಿ ಮೊದಲ ದೊಡ್ಡ ನಾಯಿ ಪ್ರದರ್ಶನ ನಡೆಯಿತು. ಬಂದೂಕು ಹಿಡಿದು ಬೇಟೆಗೆ ಹೋಗುವವರು ಸಾಕುವ ಪಾಯಿಂಟರ್ ಮತ್ತು ಸೆಟರ್ ನಾಯಿಗಳಿಗಷ್ಟೇ ಅಲ್ಲಿ ಪ್ರವೇಶ. ಗೆದ್ದವರಿಗೆ ಬಹುಮಾನ ಬಂದೂಕು. ಆಮೇಲೆ ಈ ಹುಚ್ಚು ಊರೂರಿಗೆ ಹಬ್ಬಿತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಹುಟ್ಟಿಸಿದವನು ಸೆವಾಲಿಸ್ ಶರ್ಲಿ, ಐರ್ಲೆಂಡಿನ ಮೊನಾಹನ್ ಸೀಮೆಯಲ್ಲಿ ಒಕ್ಕಲುಗಳಿಂದ ಗೇಣಿ ಎತ್ತುತ್ತಿದ್ದ ದೊಡ್ಡ ಜಮೀನುದಾರರ ಮನೆತನದವನು, ಪಾರ್ಲಿಮೆಂಟಿನ ಸದಸ್ಯ. ಮಾರನೆಯ ವರ್ಷ ಕ್ಲಬ್ಬಿನ ಮೊದಲ ವಂಶಾವಳಿ ಪುಸ್ತಕ ಅಚ್ಚಾಯಿತು. ಅದರಲ್ಲಿ 4,027 ನಾಯಿಗಳ ದಾಖಲೆ. 1875ರಲ್ಲಿ ಬುಲ್‌ಡಾಗ್ ಸಾಕುವವರದೇ ಬೇರೊಂದು ಕ್ಲಬ್ಬಾಗಿ, ಬುಲ್‌ಡಾಗ್ ಅಂದರೆ ಹೇಗಿರಬೇಕು ಅಂತ ಅಂಗ ಅಂಗಕ್ಕೂ ಲಕ್ಷಣ ಬರೆದಿಟ್ಟರು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿಯವರೆಗೆ ನಾಯಿಯ ಬೆಲೆ ಅದು ಏನು ಮಾಡುತ್ತದೆ ಎಂಬುದರ ಮೇಲೆ ಇತ್ತು. ಕುರಿ ಕಾಯುತ್ತದೆಯೇ, ಇಲಿ ಹಿಡಿಯುತ್ತದೆಯೇ, ಮನೆ ಕಾಯುತ್ತದೆಯೇ. ಆ ಕೆಲಸಕ್ಕೆ ಬೇಕಾದ ಮೈ ತಾನಾಗಿ ಉಳಿಯುತ್ತಿತ್ತು. ಓಡಲಾರದ ನಾಯಿಯ ತಳಿಯನ್ನು ಯಾವ ಕುರುಬನೂ ಬೆಳೆಸಲಾರ. ಈಗ ಬೆಲೆ ಬಂದದ್ದು ಅಪ್ಪ ಯಾರು, ಅಜ್ಜ ಯಾರು ಎಂಬುದಕ್ಕೆ, ಮತ್ತು ಮುಖ ಪುಸ್ತಕದಲ್ಲಿ ಬರೆದ ಹಾಗಿದೆಯೇ ಎಂಬುದಕ್ಕೆ. ಪುಸ್ತಕ ಮುಚ್ಚಿತು. ಒಳಗಿದ್ದವು ಒಳಗೇ ಕೂಡಬೇಕು, ಹೊರಗಿನ ರಕ್ತ ಬರಬಾರದು. ಬಂದರೆ ಮೈಲಿಗೆ. ಮೈಲಿಗೆ ಎಂಬ ಮಾತು ನನ್ನದು. ಅವರು ಬಳಸಿದ್ದು ಶುದ್ಧ ರಕ್ತ ಎಂಬ ಮಾತು. ಎರಡೂ ಒಂದೇ ನಾಣ್ಯದ್ದು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಕ್ಷಣದ ಸ್ಪರ್ಧೆಗೆ ಒಂದು ಗುಣವಿದೆ, ಅದು ನಿಲ್ಲುವುದಿಲ್ಲ. ಗಿಡ್ಡ ಮೂತಿ ಚೆಂದ ಅಂತ ಬರೆದಿದ್ದರೆ ಪಕ್ಕದ ನಾಯಿಗಿಂತ ಇನ್ನಷ್ಟು ಗಿಡ್ಡ ಇರುವುದು ಗೆಲ್ಲುತ್ತದೆ. ಗೆದ್ದ ಗಂಡನ್ನು ಎಲ್ಲರ ಹೆಣ್ಣಿಗೂ ಬಿಡುತ್ತಾರೆ. ಮುಂದಿನ ವರ್ಷ ಅದರ ಮಕ್ಕಳಲ್ಲಿ ಇನ್ನೂ ಗಿಡ್ಡ ಇರುವುದು ಗೆಲ್ಲುತ್ತದೆ. 1890ರ ದಶಕದಲ್ಲೇ ಇದರ ಫಲ ಬೀದಿಯಲ್ಲಿ ಕಂಡಿತ್ತು. ಆಗ ಹೆಸರುವಾಸಿಯಾಗಿದ್ದ ಎರಡು ಬುಲ್‌ಡಾಗುಗಳು, ಕಿಂಗ್ ಆರಿ ಮತ್ತು ಡಾಕ್‌ಲೀಫ್. ಕಿಂಗ್ ಆರಿ ಹಳೆಯ ಕಾಲದ ಹಾಗೆ ಹಗುರ ಮೈಯದು. ಡಾಕ್‌ಲೀಫ್ ಹೊಸ ಫ್ಯಾಷನ್ನಿನದು, ಗಿಡ್ಡ, ಭಾರ. ಎರಡನ್ನೂ 20 ಮೈಲಿ ನಡೆಸುವ ಪಂದ್ಯ ಕಟ್ಟಿದರು. ಓಟವಲ್ಲ, ಬರೀ ನಡಿಗೆ. ಕಿಂಗ್ ಆರಿ ನಡೆದು ಮುಗಿಸಿತು. ಡಾಕ್‌ಲೀಫ್ ದಾರಿಯಲ್ಲೇ ಕುಸಿಯಿತು. ಇಷ್ಟನ್ನು ಕಣ್ಣಾರೆ ಕಂಡ ಮೇಲೂ ಮುಂದಿನ ನೂರು ವರ್ಷ ಅವರು ಬೆಳೆಸುತ್ತಾ ಹೋದದ್ದು ಡಾಕ್‌ಲೀಫ್‌ನಂಥದ್ದನ್ನೇ.

ಇದರ ಪಕ್ಕದಲ್ಲೇ ಇನ್ನೊಂದು ಕವಲಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ಕಡೆ ಲೇಸ್ ಹೆಣೆದು ಬದುಕುತ್ತಿದ್ದ ಕುಶಲ ಕೆಲಸಗಾರರು ಯಂತ್ರಗಳು ಬಂದು ಕೆಲಸ ಕಳೆದುಕೊಂಡಾಗ ಕಡಲು ದಾಟಿ ಫ್ರಾನ್ಸಿಗೆ ಹೋದರು. ಹೋಗುವಾಗ ತಮ್ಮ ಪುಟ್ಟ ಬುಲ್‌ಡಾಗುಗಳನ್ನೂ ಕರೆದುಕೊಂಡು ಹೋದರಂತೆ. ಕೂಲಿಯವರ ಮನೆಯಲ್ಲಿ ಇಲಿ ಹಿಡಿಯುತ್ತಿದ್ದ ಆ ನಾಯಿಗಳು ಪ್ಯಾರಿಸಿನ ಬೀದಿಗಳಿಗೆ ಬಂದವು, ಅಲ್ಲಿಂದ ಶ್ರೀಮಂತರ ತೊಡೆ ಏರಿದವು, 1897ರ ಹೊತ್ತಿಗೆ ಅಮೆರಿಕದಲ್ಲಿ ಅವುಗಳ ಹೆಸರಲ್ಲಿ ಕ್ಲಬ್ಬಾಯಿತು. ಅದೇ ಫ್ರೆಂಚ್ ಬುಲ್‌ಡಾಗ್. 2022ರ ಲೆಕ್ಕದಲ್ಲಿ ಅಮೆರಿಕದ ಕೆನಲ್ ಕ್ಲಬ್ಬಿನ ನೋಂದಣಿಯಲ್ಲಿ ಅದೇ ಮೊದಲ ಸ್ಥಾನಕ್ಕೆ ಬಂತು, 31 ವರ್ಷ ಮುಂದಿದ್ದ ಲ್ಯಾಬ್ರಡಾರನ್ನು ಹಿಂದೆ ಹಾಕಿ. ಲೇಸ್ ಕೆಲಸಗಾರರ ಹೆಸರು ಒಂದೂ ಉಳಿದಿಲ್ಲ.

ಇನ್ನೊಂದು ಚಪ್ಪಟೆ ಮುಖ ಚೀನಾದ್ದು. ಇದನ್ನು ಬರೆಯುವಾಗ ನನಗೆ ಕೈ ಸ್ವಲ್ಪ ತಡೆಯುತ್ತದೆ, ಯಾಕೆಂದರೆ ಇದರಲ್ಲಿ ನಮ್ಮವರೂ ಇದ್ದಾರೆ. ನಮ್ಮ ರೈತರಿಂದ ಬೆಳೆಸಿದ ಅಫೀಮನ್ನು ಚೀನಾದ ಮೇಲೆ ಹೇರಲು ಬ್ರಿಟಿಷರು ಎರಡು ಯುದ್ಧ ಮಾಡಿದರು. ಎರಡನೆಯದರ ಕೊನೆಯಲ್ಲಿ, 1860ರ ಅಕ್ಟೋಬರಿನಲ್ಲಿ, ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಪೀಕಿಂಗಿನ ಹೊರಗಿನ ಬೇಸಿಗೆ ಅರಮನೆಯನ್ನು ದೋಚಿತು. ಆಮೇಲೆ ಲಾರ್ಡ್ ಎಲ್ಗಿನ್ ಅದಕ್ಕೆ ಬೆಂಕಿ ಇಡಿಸಿದ. (ಇದೇ ಎಲ್ಗಿನ್ 1862ರಲ್ಲಿ ನಮಗೆ ವೈಸರಾಯ್ ಆಗಿ ಬಂದ, ಮರುವರ್ಷ ಧರ್ಮಶಾಲೆಯಲ್ಲಿ ಸತ್ತ.) ಆ ದಂಡಯಾತ್ರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ತುಕಡಿಗಳಿದ್ದವು. ಇವತ್ತು ಹಲಸೂರು ಕೆರೆ ಪಕ್ಕ ಕೇಂದ್ರ ಇರುವುದು ಅದೇ ಪಡೆಯದು. ಅದರಲ್ಲಿ ಪರಯರು ಬಹಳ ಮಂದಿ ಇದ್ದರು. ಊರಲ್ಲಿ ಬಾವಿ ಮುಟ್ಟಲಾಗದವರು ದೊರೆಯ ಬಟ್ಟೆ ತೊಟ್ಟು ಇನ್ನೊಂದು ನಾಡಿನ ಕೋಟೆ ಒಡೆಯಲು ಹಡಗು ಹತ್ತಿದ್ದರು. ಹೊಟ್ಟೆಪಾಡು. ಬೈಯಲು ನನಗೆ ಬಾಯಿ ಬರುವುದಿಲ್ಲ.

ಸುಡುವ ಮುಂಚೆ ಆ ಅರಮನೆಯಲ್ಲಿ ಐದು ಪುಟ್ಟ ಪೀಕಿಂಗೀಸ್ ನಾಯಿಗಳು ಸಿಕ್ಕವು. ಒಂದನ್ನು ಡನ್ ಎಂಬ ಕ್ಯಾಪ್ಟನ್ ಲಂಡನ್ನಿಗೆ ತಂದು ವಿಕ್ಟೋರಿಯಾ ರಾಣಿಗೆ ಒಪ್ಪಿಸಿದ. ಅರಮನೆಯಲ್ಲಿ ಅದಕ್ಕೆ ಇಟ್ಟ ಹೆಸರೇನು ಗೊತ್ತೇ? ಲೂಟಿ. ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿಲ್ಲ. ಅದರ ಹೆಸರೇ ಲೂಟಿ. 'ಲೂಟ್' ಎಂಬ ಮಾತನ್ನು ಇಂಗ್ಲಿಷರು ಎತ್ತಿಕೊಂಡದ್ದು ನಮ್ಮ ಹಿಂದೂಸ್ತಾನಿಯಿಂದ. ಮಾತನ್ನೂ ಇಲ್ಲಿಂದ ಒಯ್ದು, ನಾಯಿಯನ್ನು ಅಲ್ಲಿಂದ ಒಯ್ದು, ಎರಡನ್ನೂ ಒಂದು ಕೊರಳಪಟ್ಟಿಯಲ್ಲಿ ಕಟ್ಟಿದರು. ಕೀಲ್ ಎಂಬ ಕಲಾವಿದ ಅದರ ಚಿತ್ರ ಬರೆದ. 1872ರಲ್ಲಿ ಅದು ಸತ್ತಿತು. ಆ ಚಿತ್ರದಲ್ಲಿರುವ ನಾಯಿಗೆ ಚಿಕ್ಕದಾದರೂ ಮೂತಿ ಇದೆ. ಇವತ್ತು ಬಹುಮಾನ ಗೆಲ್ಲುವ ಪೀಕಿಂಗೀಸಿಗೆ ಅದೂ ಇಲ್ಲ.

ಇನ್ನು ದುಂಡಿಯ ಉಸಿರಿಗೆ ಬರೋಣ. ಒಂದು ಪಲ್ಲ ಭತ್ತ ಹಿಡಿಯುವ ಚೀಲ ಇದೆ ಅಂತಿಟ್ಟುಕೊಳ್ಳಿ. ಚೀಲವನ್ನು ಅರ್ಧಕ್ಕೆ ಕತ್ತರಿಸಿ ಅಷ್ಟೇ ಭತ್ತ ತುರುಕಿ ಹೊಲಿದರೆ? ಆದದ್ದು ಅದೇ. ಮುಖದ ಮೂಳೆ ಗಿಡ್ಡವಾಯಿತು, ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಕಡಿಮೆಯಾಗಲಿಲ್ಲ. ಅಂಗುಳದ ಹಿಂದಿನ ಮೆತ್ತನೆಯ ಭಾಗ ಉದ್ದವಾಗಿ ಗಂಟಲ ಬಾಯಿಗೆ ಜೋತು ಬೀಳುತ್ತದೆ. ನಾಲಿಗೆ ಬಾಯಿ ತುಂಬಿ ಹಿಂದಕ್ಕೆ ಒತ್ತುತ್ತದೆ. ಮೂಗಿನ ಹೊಳ್ಳೆ ಗೀಟು ಎಳೆದ ಹಾಗೆ ಸಣ್ಣ. ಎಷ್ಟೋ ಬುಲ್‌ಡಾಗುಗಳ ಶ್ವಾಸನಾಳವೇ ಮೈಗೆ ತಕ್ಕಷ್ಟು ಅಗಲ ಇರುವುದಿಲ್ಲ. ಇಷ್ಟೆಲ್ಲ ದಾಟಿ ಗಾಳಿ ಒಳಗೆ ಹೋಗಬೇಕಾದರೆ ನಾಯಿ ಬಲ ಹಾಕಿ ಎಳೆಯಬೇಕು. ಎಳೆದೂ ಎಳೆದೂ ಗಂಟಲ ಒಳಗಿನ ಮೆತ್ತೆ ಊದಿ ಹೊರಳಿ ದಾರಿ ಇನ್ನಷ್ಟು ಮುಚ್ಚುತ್ತದೆ. ಮನೆಯವರು 'ಗೊರಕೆ ಹೊಡೆಯುತ್ತೆ, ಎಷ್ಟು ಮುದ್ದು' ಅನ್ನುವುದು ಇದಕ್ಕೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅದು ಮೈ ತಣಿಸಿಕೊಳ್ಳುವುದು ತೇಕಿ. ಮೂಗಿನ ಒಳಗಿನ ತೇವದ ಪದರ, ನಾಲಿಗೆ, ಇವುಗಳ ಮೇಲೆ ಗಾಳಿ ಹಾಯ್ದು ಬಿಸಿ ಹೊರಗೆ ಹೋಗಬೇಕು. ಮೂಗೇ ಇಲ್ಲದಿದ್ದರೆ? ತೇಕಿದಷ್ಟೂ ಗಂಟಲು ಊದುತ್ತದೆ, ಊದಿದಷ್ಟೂ ಬಿಸಿ ಏರುತ್ತದೆ. ಅವತ್ತು ಕರೆಂಟು ಹೋದ ಅರ್ಧ ಗಂಟೆಯಲ್ಲಿ ನಾನು ಕಂಡದ್ದು ಇದೇ. ಆ ಏಸಿ ನಾಯಿಗೆ ಸುಖವಾಗಿರಲಿಲ್ಲ, ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆ ಇಟ್ಟಂತೆ ಇಟ್ಟದ್ದು. ಇದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ವಿಮಾನಗಳಲ್ಲಿ ಸತ್ತ ನಾಯಿಗಳ ಐದು ವರ್ಷದ ಲೆಕ್ಕ ಕೊಟ್ಟಿತು. ಸತ್ತ 122ರಲ್ಲಿ ಹೆಚ್ಚುಕಡಿಮೆ ಅರ್ಧ ಚಪ್ಪಟೆ ಮುಖದವು; ಇಂಗ್ಲಿಷ್ ಬುಲ್‌ಡಾಗ್ ಒಂದೇ 25.

ಉಸಿರೊಂದೇ ಅಲ್ಲ. ಕಣ್ಣಿನ ಗೂಡು ಆಳವಿಲ್ಲದೆ ಕಣ್ಣು ಹೊರಚಾಚಿರುತ್ತದೆ, ಹುಣ್ಣಾಗುತ್ತದೆ. ಪಗ್‌ನಂಥದ್ದರಲ್ಲಿ ಪೆಟ್ಟು ಬಿದ್ದರೆ ಗುಡ್ಡೆಯೇ ಹೊರಗೆ ಬರುವುದುಂಟು. ಮುಖದ ಮಡಿಕೆಗಳಲ್ಲಿ ಒದ್ದೆ ನಿಂತು ಕೊಳೆಯುತ್ತದೆ. ನಲವತ್ತೆರಡು ಹಲ್ಲು ಅರ್ಧ ಜಾಗದಲ್ಲಿ ಅಡ್ಡಾದಿಡ್ಡಿ. ತಿರುಪಿನಂಥ ಬಾಲ ಚೆಂದವಂತೆ. ಆ ತಿರುಪು ಬೆನ್ನುಮೂಳೆಯ ತುಂಡುಗಳು ವಕ್ರವಾಗಿ ಹುಟ್ಟುವುದರ ಗುರುತು. 2018ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಆ ಬಾಲಕ್ಕೆ ಸಂಬಂಧಿಸಿದ ವಂಶವಾಹಿ ದೋಷವೊಂದನ್ನು ಗುರುತಿಸಿದರು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ 2022ರ ಲೆಕ್ಕದಂತೆ ಉಸಿರಿನ ದಾರಿ ಕಟ್ಟುವ ಈ ರೋಗ ಪಗ್ ನಾಯಿಗಳಲ್ಲಿ ಉಳಿದ ನಾಯಿಗಳಿಗಿಂತ ಸುಮಾರು 54 ಪಾಲು ಹೆಚ್ಚು. ಮಡಿಕೆಯ ಚರ್ಮರೋಗ ಇಂಗ್ಲಿಷ್ ಬುಲ್‌ಡಾಗುಗಳಲ್ಲಿ 38 ಪಾಲು. ಅದೇ ವರ್ಷ ಅದೇ ಕಾಲೇಜಿನ ಇನ್ನೊಂದು ಲೆಕ್ಕದಲ್ಲಿ ಬ್ರಿಟನ್ನಿನ ನಾಯಿಗಳ ಸರಾಸರಿ ಆಯುಷ್ಯ 11 ವರ್ಷದ ಮೇಲೆ, ಇಂಗ್ಲಿಷ್ ಬುಲ್‌ಡಾಗಿನದು ಏಳು ವರ್ಷ ಚಿಲ್ಲರೆ.

ಹೆರಿಗೆಯ ಮಾತು ಬೇರೆಯೇ ಹೇಳಬೇಕು. ಅಮೆರಿಕದ ಕ್ಲಬ್ಬಿನ ಲಕ್ಷಣ ಪುಸ್ತಕದಲ್ಲಿ ಬುಲ್‌ಡಾಗಿನ ತಲೆಯ ಸುತ್ತಳತೆ ಕಡೇಪಕ್ಷ ಅದರ ಭುಜದ ಎತ್ತರದಷ್ಟಿರಬೇಕು ಎಂದಿದೆ. ಭುಜ ಅಗಲ ಇರಬೇಕು, ಸೊಂಟದ ಕಡೆ ಸಣ್ಣಗಾಗಬೇಕು. ಬರೆದವರು ಯಾರೂ ಆ ಸೊಂಟದೊಳಗಿಂದ ಆ ತಲೆ ಹೊರಬರುವುದು ಹೇಗೆ ಅಂತ ಯೋಚಿಸಲಿಲ್ಲ. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬುಲ್‌ಡಾಗಿನ ನೂರು ಬಾಣಂತನಕ್ಕೆ 86 ಹೊಟ್ಟೆ ಕೊಯ್ದು ಆದವು. ವೈದ್ಯರ ಚಾಕು ಇಲ್ಲದೆ ಎರಡು ತಲೆಮಾರು ಕೂಡ ದಾಟಲಾರದ ಪ್ರಾಣಿ. ಇದಕ್ಕೆ ಶುದ್ಧ ತಳಿ ಅಂತ ಹೆಸರು.

ಎಲ್ಲಕ್ಕಿಂತ ನನ್ನನ್ನು ಅಲುಗಿಸಿದ ಸಂಗತಿ ಒಂದಿದೆ. 2012ರಲ್ಲಿ ಅದೇ ಲಂಡನ್ ಕಾಲೇಜಿನವರು ನಾಯಿ ಸಾಕಿದವರನ್ನೇ ಕೇಳಿದರು. ಉಸಿರಾಟದ ರೋಗ ಸ್ಪಷ್ಟವಾಗಿ ಇದ್ದ ನಾಯಿಗಳ ಒಡೆಯರಲ್ಲಿ ನೂರಕ್ಕೆ 58 ಮಂದಿ ತಮ್ಮ ನಾಯಿಗೆ ಉಸಿರಿನ ತೊಂದರೆ ಇಲ್ಲ ಅಂದರು. ಅವರು ಸುಳ್ಳು ಹೇಳಲಿಲ್ಲ. ಗೊರಗುಟ್ಟುವುದು ಆ ಜಾತಿಗೆ ಸಹಜ ಅಂತಲೇ ಅವರು ತಿಳಿದಿದ್ದರು. ದುಂಡಿಯ ಯಜಮಾನಿತಿಯೂ ಊರಿಂದ ಬಂದವರು ಚಿಕ್ಕಮ್ಮನಿಗೆ ಅಂದದ್ದು ಇದನ್ನೇ: "ಅದು ಅದರ ಜಾತಿ ಗುಣ." ಈ ಮಾತನ್ನು ನಾವು ಎಷ್ಟು ಸಲ, ಯಾರ ಬಾಯಿಂದ, ಯಾರನ್ನು ಕುರಿತು ಕೇಳಿಲ್ಲ? ಬಡತನ ಅವರ ಜಾತಿ ಗುಣ, ಕೊಳಕು ಅವರ ಜಾತಿ ಗುಣ. ಮಾಡಿಟ್ಟದ್ದನ್ನು ಹುಟ್ಟಿದ್ದು ಅನ್ನುವುದು. ನಾಯಿಗೂ ಮನುಷ್ಯರಿಗೂ ನಾನು ಹೋಲಿಕೆ ಕಟ್ಟುತ್ತಿಲ್ಲ, ಆ ಹೋಲಿಕೆಯನ್ನು ನಮ್ಮ ಮೇಲೆ ಬೇಕಾದಷ್ಟು ಹೇರಿದ್ದಾರೆ. ಹೋಲಿಕೆ ಇರುವುದು ಎರಡನ್ನೂ ಬರೆದಿಟ್ಟ ತಲೆಗಳಲ್ಲಿ.

ಆ ತಲೆಗಳು ದೂರದೂರ ಇರಲಿಲ್ಲ. ಸುಸಂತಾನ ಶಾಸ್ತ್ರ ಅಂತ ಮನುಷ್ಯರ ತಳಿ ಸುಧಾರಣೆಗೆ 1883ರಲ್ಲಿ ಹೆಸರಿಟ್ಟ ಫ್ರಾನ್ಸಿಸ್ ಗಾಲ್ಟನ್, 1897ರಲ್ಲಿ ತನ್ನ ಆನುವಂಶಿಕತೆಯ ಸೂತ್ರಕ್ಕೆ ಆಧಾರ ಮಾಡಿಕೊಂಡದ್ದು ಬ್ಯಾಸೆಟ್ ಹೌಂಡ್ ನಾಯಿಗಳ ವಂಶಾವಳಿಯ ಲೆಕ್ಕವನ್ನು. ನಾಯಿಯ ಪುಸ್ತಕದಿಂದ ಮನುಷ್ಯರ ಪುಸ್ತಕಕ್ಕೆ ದಾರಿ ಅಷ್ಟು ಹತ್ತಿರ. ಜಾತಿಯೂ ರಕ್ತಶುದ್ಧಿಯ ವಿಜ್ಞಾನವೇ ಎಂದು ನಮ್ಮಲ್ಲೂ ಪಂಡಿತರು ವಾದ ಹೂಡಿದರು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಆ ವಾದವನ್ನು ಹಿಡಿದು ಬಿಡಿಸಿದರು. ಶುದ್ಧ ರಕ್ತದ ಜನಾಂಗ ಅಂತ ಎಲ್ಲೂ ಉಳಿದಿಲ್ಲ ಎಂದು ತೋರಿಸಿ, ತಳಿವಿಜ್ಞಾನಿ ಬೇಟ್ಸನ್ನನ ಆಧಾರ ಕೊಟ್ಟು, ಕೊನೆಗೆ ಒಂದು ನೇರ ಪ್ರಶ್ನೆ ಹಾಕಿದರು: ಇಷ್ಟು ಶತಮಾನ ಸುಸಂತಾನ ಮಾಡಿದ್ದೀರಲ್ಲ, ಎಂಥ ಜನರನ್ನು ಮಾಡಿದಿರಿ, ತೋರಿಸಿ? ಆ ಪ್ರಶ್ನೆಯನ್ನು ಕೆನಲ್ ಕ್ಲಬ್ಬಿಗೂ ಹಾಕಬಹುದು. ಬ್ರಿಟನ್ನಿನ ಹತ್ತು ಸಾವಿರ ಪಗ್ ನಾಯಿಗಳ ವಂಶ ಹುಡುಕಿದ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2008ರಲ್ಲಿ ಹೇಳಿದ್ದು, ಅಷ್ಟೂ ನಾಯಿಗಳ ತಳಿವೈವಿಧ್ಯ ಬರೀ 50 ನಾಯಿಗಳಿಗೆ ಸಮ. ಪುಸ್ತಕ ಮುಚ್ಚಿದರೆ ಒಳಗೆ ಆಗುವುದು ಇದು.

ಪುಸ್ತಕದ ಬಾಗಿಲು ಎಷ್ಟು ಬಿಗಿ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ಚಪ್ಪಟೆ ಮುಖದ್ದಲ್ಲ, ಚುಕ್ಕೆ ಚುಕ್ಕೆಯ ಡಾಲ್ಮೇಶಿಯನ್. ಆ ತಳಿಯಲ್ಲಿ ಮೂತ್ರದಲ್ಲಿ ಕಲ್ಲು ಕಟ್ಟುವ ದೋಷ ಎಲ್ಲ ನಾಯಿಗಳಿಗೂ ಹರಡಿಬಿಟ್ಟಿತ್ತು. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ಶೈಬಲ್ ಒಂದು ಪಾಯಿಂಟರ್ ನಾಯಿಯೊಂದಿಗೆ ಒಂದೇ ಒಂದು ಸಲ ಕೂಡಿಸಿ, ಆಮೇಲೆ ಡಾಲ್ಮೇಶಿಯನ್ನುಗಳ ಜೊತೆಗೇ ತಲೆಮಾರು ತಲೆಮಾರು ಕೂಡಿಸುತ್ತಾ ಬಂದರು. ಕಲ್ಲಿನ ರೋಗ ಹೋಯಿತು, ಚುಕ್ಕೆ ಹಾಗೇ ಉಳಿಯಿತು. ಈ ನಾಯಿಗಳನ್ನು ಅಮೆರಿಕದ ಕ್ಲಬ್ಬು ಒಳಗೆ ಪೂರ್ತಿ ಬಿಟ್ಟುಕೊಂಡದ್ದು 2011ರಲ್ಲಿ. ಅದೇ ವರ್ಷ ಫಿಯೋನಾ ಎಂಬ ಅಂಥದೊಂದು ನಾಯಿ ಇಂಗ್ಲೆಂಡಿನ ಕ್ರಫ್ಟ್ಸ್ ಪ್ರದರ್ಶನಕ್ಕೆ ಬಂದಾಗ ಅಲ್ಲಿನ ಸಾಕಣೆಗಾರರು ಇದು ಬೆರಕೆ ಅಂತ ಗಲಾಟೆ ಎಬ್ಬಿಸಿದರು. ಹತ್ತು ತಲೆಮಾರಿಗೂ ಹಿಂದೆ ಒಬ್ಬ ಅಜ್ಜ ಹೊರಗಿನವನು. ಅಷ್ಟಕ್ಕೆ!

ಪ್ರತಿಭಟನೆ ಬರಲಿಲ್ಲವೆಂದಲ್ಲ. 2008ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರವೊಂದು ಈ ಲೋಕವನ್ನು ಬಯಲಿಗೆಳೆಯಿತು. ಬಿಬಿಸಿಯೇ ಕ್ರಫ್ಟ್ಸ್ ಪ್ರಸಾರವನ್ನು ಕೈಬಿಟ್ಟಿತು. 2009ರಲ್ಲಿ ಕೆನಲ್ ಕ್ಲಬ್ಬು ಲಕ್ಷಣ ಪುಸ್ತಕ ತಿದ್ದಿ, ತಾಯಿ-ಮಗ, ಅಣ್ಣ-ತಂಗಿ ಕೂಡಿಸಿದ ಮರಿಗಳ ನೋಂದಣಿ ನಿಲ್ಲಿಸಿತು. ಅಲ್ಲಿಯವರೆಗೆ ಅದು ನಡೆದೇ ಇತ್ತು ಅನ್ನುವುದನ್ನು ಗಮನಿಸಬೇಕು. 2012ರ ಕ್ರಫ್ಟ್ಸ್‌ನಲ್ಲಿ ತಳಿಯ ಶ್ರೇಷ್ಠ ಎಂದು ಗೆದ್ದ ಬುಲ್‌ಡಾಗ್, ಪೀಕಿಂಗೀಸ್ ಸೇರಿ ಆರು ತಳಿಗಳ ನಾಯಿಗಳು ವೈದ್ಯರ ಪರೀಕ್ಷೆಯಲ್ಲಿ ಫೇಲಾದವು. ಜರ್ಮನ್ ಭಾಷೆಯಲ್ಲಿ ಇದಕ್ಕೆ ಹಿಂಸೆಯ ತಳಿ ಎಂಬರ್ಥದ ಮಾತೇ ಇದೆ, ಕಾನೂನೂ ಇದೆ. ನೆದರ್ಲೆಂಡ್ಸ್ 2019ರಲ್ಲಿ ಅಳತೆ ಕೋಲೇ ಹಿಡಿಯಿತು: ಮೂತಿ ತಲೆಯ ಮೂರನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಮರಿ ಹಾಕಿಸುವಂತಿಲ್ಲ. ನಾರ್ವೆಯಲ್ಲಿ ಓಸ್ಲೋ ನ್ಯಾಯಾಲಯ 2022ರ ಜನವರಿಯಲ್ಲಿ ಬುಲ್‌ಡಾಗ್ ಸಾಕಣೆ ಕಾನೂನುಬಾಹಿರ ಅಂದಿತು, ಮೇಲಿನ ಕೋರ್ಟು ಅದೇ ವರ್ಷ ತಿರುಗಿಸಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕ್ಯಾವಲಿಯರ್ ಎಂಬ ಇನ್ನೊಂದು ತಳಿಯ ಮೇಲಿನ ನಿಷೇಧವನ್ನಷ್ಟೇ ಉಳಿಸಿತು. ಜರ್ಮನಿ, ಹಾಲೆಂಡ್ ಕಡೆ ಕೆಲವರು ಪಗ್‌ಗೆ ಟೆರಿಯರ್ ಬೆರೆಸಿ ಮತ್ತೆ ಮೂಗು ತರುತ್ತಿದ್ದಾರೆ. ಬೆರಕೆಯಿಂದ ಉಸಿರು ವಾಪಸು ಬರುತ್ತಿದೆ.

ನಮ್ಮಲ್ಲಿ? 2003ರಲ್ಲಿ ಹಚ್ ಎಂಬ ಮೊಬೈಲು ಕಂಪನಿಯ ಜಾಹೀರಾತು ಬಂತು, ಹುಡುಗನ ಹಿಂದೆ ಹಿಂದೆಯೇ ಹೋಗುವ ಪಗ್. ನಾನಾಗ ಚಿಕ್ಕವನು, ಊರ ಟೀವಿ ಮುಂದೆ ಕೂತು ನಾವೂ ಅದನ್ನು ನೋಡಿ ಚಪ್ಪಾಳೆ ತಟ್ಟಿದ್ದೆವಂತೆ. ಪಟ್ಟಣಗಳಲ್ಲಿ ಪಗ್ ಮರಿಗೆ ಎಲ್ಲಿಲ್ಲದ ಬೇಡಿಕೆ ಎದ್ದಿತು; ಆ ನಾಯಿಯನ್ನು ಜನ ಕಂಪನಿಯ ಹೆಸರಲ್ಲೇ ಕರೆದರು. 2017ರಲ್ಲಿ ನಾಯಿ ಸಾಕಣೆ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರ ನಿಯಮ ಮಾಡಿತು. ಸಾಕಣೆಗಾರ ರಾಜ್ಯದ ಮಂಡಳಿಯಲ್ಲಿ ನೋಂದಾಯಿಸಬೇಕು, ಎಂಟು ವಾರ ತುಂಬದ ಮರಿ ಮಾರಬಾರದು ಇತ್ಯಾದಿ. ಮೂತಿ ಇಷ್ಟುದ್ದ ಇರಬೇಕು ಎಂಬ ಮಾತು ಅದರಲ್ಲಿಲ್ಲ. ತಮಿಳುನಾಡು 2024ರಲ್ಲಿ ಪ್ರಕಟಿಸಿದ ನೀತಿಯಲ್ಲಿ ನಮ್ಮ ಬಿಸಿಲಿಗೆ ಒಗ್ಗದ ಹನ್ನೊಂದು ತಳಿಗಳ ಪಟ್ಟಿ ಮಾಡಿ ಪಗ್, ಫ್ರೆಂಚ್ ಬುಲ್‌ಡಾಗ್ ಎರಡನ್ನೂ ಸೇರಿಸಿತ್ತು.

ಕಂತ್ರಿ ನಾಯಿಯೇ ಮೇಲು ಅಂತ ಹಾಡು ಕಟ್ಟಲು ನಾನು ಹೊರಟಿಲ್ಲ. ನಮ್ಮ ಕೇರಿಯ ಮಕ್ಕಳನ್ನು ಕಚ್ಚುವುದು ಅದೇ, ಹುಚ್ಚುನಾಯಿ ರೋಗಕ್ಕೆ ಸಾಯುವುದೂ ನಮ್ಮ ಮಕ್ಕಳೇ. ಹಳ್ಳಿಯ ಮೇಷ್ಟರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅದು ಹಸಿವಿಗೆ ಸಾಯುತ್ತದೆ, ಲಾರಿಗೆ ಸಾಯುತ್ತದೆ. ಆದರೆ ಹುಟ್ಟಿದ ತಪ್ಪಿಗೆ ಉಸಿರು ಕಟ್ಟಿ ಸಾಯುವುದಿಲ್ಲ.

ದುಂಡಿಯ ಮಾತು ಮುಗಿಸುತ್ತೇನೆ. ಅದರ ಮರಿಗೆ ಒಳ್ಳೆ ರೇಟಿದೆ ಅಂತ ಮನೆಯವರು ಕ್ರಾಸಿಂಗ್ ಮಾಡಿಸಿದರು. ಗಂಡು ನಾಯಿಯ ಕಡೆಯವರು ಅದರ ವಂಶದ ಸರ್ಟಿಫಿಕೇಟು ತಂದಿದ್ದರು. ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲರ ಹೆಸರೂ ಮುದ್ದಾಗಿ ಅಚ್ಚಾಗಿತ್ತು. ನನ್ನ ಮುತ್ತಜ್ಜನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ವಂಶದ ಕಾಗದ ಅಂತ ನನ್ನ ಹತ್ತಿರ ಇರುವುದು ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಒಂದೇ, ಅದಕ್ಕೂ ನಾಲ್ಕು ಸಲ ಅಲೆದಿದ್ದೆ.

ಹೊಟ್ಟೆ ಕೊಯ್ದು ಐದು ಮರಿ ತೆಗೆದರು. ಮಂಪರಿನಲ್ಲಿದ್ದ ತಾಯಿಯನ್ನೂ ಮರಿಗಳನ್ನೂ ಮನೆಗೆ ತಂದ ರಾತ್ರಿ ಚಿಕ್ಕಮ್ಮನನ್ನು ಅಲ್ಲೇ ಉಳಿಸಿಕೊಂಡರು. ದುಂಡಿ ಮರಿ ನೆಕ್ಕಲಿಲ್ಲ, ಮೇಲೆ ಹೊರಳಿ ಮಲಗಲು ನೋಡಿತು. ಮೂರು ಮಕ್ಕಳನ್ನು ಗುಡಿಸಲಲ್ಲೇ ಹೆತ್ತ ಚಿಕ್ಕಮ್ಮ ಒದ್ದೆ ಬಟ್ಟೆಯಿಂದ ಒಂದೊಂದನ್ನೂ ಒರೆಸಿ ಮೊಲೆಗೆ ಹಿಡಿದಳು. ನಾಲ್ಕು ಕುಡಿದವು. ಐದನೆಯದಕ್ಕೆ ಅಂಗುಳ ಸೀಳಿತ್ತು, ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ಬೆಳಗ್ಗೆ ಮನೆಯವರು ನಾಲ್ಕು ಮರಿಯ ಫೋಟೋ ತೆಗೆದು ಕೊಳ್ಳುವವರಿಗೆ ಕಳಿಸಿದರು. ಒಂದೊಂದರ ಬೆಲೆ ಚಿಕ್ಕಮ್ಮನ ಐದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಐದನೆಯದು ಎರಡನೇ ದಿನ ಸತ್ತಿತು. ಪಕ್ಕದ ಖಾಲಿ ಸೈಟಿನಲ್ಲಿ ಹೊಂಗೆ ಮರದ ಕೆಳಗೆ ಅವಳೇ ಗುಂಡಿ ತೋಡಿದಳು. ನಾನು ಭಾನುವಾರ ಹೋದಾಗ ಆ ಮಣ್ಣಿನ ಮೇಲೆ ಬೀದಿಯ ಕಂತ್ರಿ ನಾಯಿಯೊಂದು ನೆರಳಿಗೆ ಮಲಗಿತ್ತು. ಚಿಕ್ಕಮ್ಮ ಕಲ್ಲು ಎತ್ತಿಕೊಂಡಳು, ಯಾಕೋ ಕೆಳಗೆ ಹಾಕಿ ಒಳಗೆ ಹೋದಳು.